ಅವಳಿ ಬಸುರಿ, ಕೊನೆಯ ತಿಂಗಳುಗಳು, ಮಗುವಿನ ಓಡಾಟದ ಚಿಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಳನೇ ತಿಂಗಳು ದಾಟಿದ ಮೇಲೆ ಅವಳಿ ಹೊತ್ತ ಹೆಣ್ಣುಮಕ್ಕಳನ್ನು ಒಂದೇ ಚಿಂತೆ ಹಗಲೂ ರಾತ್ರಿ ಕಾಡುತ್ತದೆ. ಎರಡೂ ಆಡ್ತಿವೆಯಾ, ಇಲ್ಲಾ ಒಂದೇ ಆಡ್ತಿದೆಯಾ? ನಾನು ಮಂಡ್ಯದವಳು, ಅವಳಿ ಹೆತ್ತವಳು. ಡಾಕ್ಟರ್ ಅಲ್ಲ. ನಮ್ಮ ಕಡೆಯವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನೂ, ಹೆರಿಗೆ ಡಾಕ್ಟರುಗಳು ಅವಕ್ಕೆ ಕೊಡುವ ಉತ್ತರಗಳನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಈಗಲೇ ಒಂದು ಮಗು ಸುಮ್ಮನಿದೆ ಅನಿಸ್ತಿದೆ. ಮೊದಲು ಯಾವ ಉತ್ತರ ಓದಲಿ?

ಯಾವುದೂ ಬೇಡ. ಫೋನ್ ಪಕ್ಕಕ್ಕಿಡಿ, ತಾಯಿ ಕಾರ್ಡು ಮತ್ತು ಸ್ಕ್ಯಾನ್ ರಿಪೋರ್ಟು ತಗೊಂಡು ಹೊರಡಿ. ದಾರಿಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿ. ಬೆಳಗ್ಗೆ ಆಗಲಿ, ಗಂಡ ಕೆಲಸದಿಂದ ಬರಲಿ, ಒಂದು ತುತ್ತು ಉಂಡು ಹೋಗೋಣ ಅಂತ ಕಾಯಬೇಡಿ. ಹೋದ ಮೇಲೆ ಎರಡೂ ಚೆನ್ನಾಗಿವೆ ಅಂತ ಗೊತ್ತಾದರೆ ಅದಕ್ಕಿಂತ ಒಳ್ಳೇ ಸುದ್ದಿ ಇಲ್ಲ. ಮಿಕ್ಕಿದ್ದನ್ನೆಲ್ಲ ಆಮೇಲೆ ಓದಿ.

ದಿನ ತುಂಬುತ್ತಾ ಬಂದ ಹಾಗೆ ಜಾಗ ಸಾಲಲ್ಲ, ಅದಕ್ಕೇ ಓಡಾಟ ಕಡಿಮೆಯಾಗುತ್ತೆ ಅಂತಾರಲ್ಲ? ಅದೂ ಎರಡು ಮಕ್ಕಳು ಬೇರೆ.

ಈ ಮಾತನ್ನು ಹೇಳದ ಮನೆಯೇ ಇಲ್ಲ. ಅಜ್ಜಿ ಹೇಳ್ತಾರೆ, ಪಕ್ಕದ ಮನೆಯವರು ಹೇಳ್ತಾರೆ, ಮೂರು ಹೆತ್ತ ಅಕ್ಕ ಹೇಳ್ತಾಳೆ. ಎಲ್ಲರೂ ನಿಮಗೆ ಧೈರ್ಯ ಬರಲಿ ಅಂತಲೇ ಹೇಳುವುದು. ಆದರೆ ಆ ಮಾತು ಸರಿಯಲ್ಲ, ಅದನ್ನು ನಂಬಿ ಮನೆಯಲ್ಲೇ ಕೂತರೆ ಅಪಾಯವೂ ಹೌದು.

ನಿಜ ಏನು ಅಂದರೆ, ಓಡಾಟ ಸುಮಾರು 32 ವಾರದವರೆಗೆ ಜಾಸ್ತಿಯಾಗುತ್ತಾ ಹೋಗುತ್ತದೆ, ಆಮೇಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆರಿಗೆ ನೋವು ಶುರುವಾಗುವವರೆಗೂ, ನೋವು ಬರುತ್ತಿರುವಾಗಲೂ ಮಗು ಆಡುತ್ತಿರಬೇಕು. ಬದಲಾಗುವುದು ಆಟದ ರೀತಿ. ಆರನೇ ತಿಂಗಳಲ್ಲಿ ಪಟ್ ಪಟ್ ಅಂತ ಒದೆಯುತ್ತಿದ್ದದ್ದು ಎಂಟನೇ ತಿಂಗಳಲ್ಲಿ ಹೊರಳಿದ ಹಾಗೆ, ಮೈ ಮುರಿದ ಹಾಗೆ, ಪಕ್ಕೆಲುಬಿಗೆ ಹಿಮ್ಮಡಿ ಒತ್ತಿದ ಹಾಗೆ ಅನಿಸಬಹುದು. ಹೊಟ್ಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯ ಹಾಗೆ ಸರಿಯುವುದು ಸೀರೆಯ ಮೇಲಿಂದಲೇ ಕಾಣುತ್ತದೆ. ಅದೆಲ್ಲ ಓಡಾಟವೇ. ರೀತಿ ಬದಲಾದರೆ ಪರವಾಗಿಲ್ಲ, ಕಡಿಮೆಯಾದರೆ ಮಾತ್ರ ಸುಮ್ಮನಿರಬಾರದು.

ಅವಳಿ ಮಕ್ಕಳಿಗೆ ಜಾಗ ಕಡಿಮೆ ಅನ್ನೋದು ಖರೆ. ಆದರೆ ಜಾಗ ಕಡಿಮೆ ಅಂತ ಆರೋಗ್ಯವಾಗಿರುವ ಮಗು ಆಡುವುದನ್ನು ನಿಲ್ಲಿಸಲ್ಲ.

ಹಾಗಾದರೆ ದಿನಕ್ಕೆ ಎಷ್ಟು ಸಲ ಒದೆಯಬೇಕು? ಒಂದು ಲೆಕ್ಕ ಹೇಳಿ.

ಎಲ್ಲರಿಗೂ ಹೊಂದುವ ಲೆಕ್ಕ ಇಲ್ಲ. ಹತ್ತು ಎಣಿಸಿ ಅಂತ ನೀವು ಕೇಳಿರುತ್ತೀರಿ. ಆ ಹತ್ತರ ಲೆಕ್ಕ ಜನಪ್ರಿಯವಾದದ್ದು 1976ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಡಾಕ್ಟರುಗಳು ಬರೆದ ಮೇಲೆ. ಆಗ ಹನ್ನೆರಡು ಗಂಟೆಯಲ್ಲಿ ಹತ್ತು ಅಂತಿತ್ತು. ಈಗ ಒಂದೇ ಮಗು ಇದ್ದು ಅನುಮಾನ ಬಂದಾಗ, ಪಕ್ಕಕ್ಕೆ ಮಲಗಿ ಎರಡು ಗಂಟೆಯಲ್ಲಿ ಹತ್ತು ಸಲ ಗೊತ್ತಾಗುತ್ತಾ ನೋಡಿ ಅಂತ ಹೇಳುವವರಿದ್ದಾರೆ.

ಅವಳಿ ಬಸುರಿನಲ್ಲಿ ಈ ಲೆಕ್ಕ ನಂಬಿ ಕೂರುವ ಹಾಗಿಲ್ಲ. ಯಾಕೆ ಅಂದರೆ ಹತ್ತೂ ಒದೆ ಒಂದೇ ಮಗುವಿನದ್ದಾಗಿರಬಹುದು. ಚುರುಕಾದ ಮಗು ಅರ್ಧ ಗಂಟೆಯಲ್ಲೇ ಇಪ್ಪತ್ತು ಸಲ ಒದ್ದು ಲೆಕ್ಕ ತುಂಬಿಸಿಬಿಡುತ್ತದೆ, ಇನ್ನೊಂದರ ಸುದ್ದಿಯೇ ನಿಮಗೆ ಗೊತ್ತಾಗಲ್ಲ.

ನಂಬರಿಗಿಂತ ಮುಖ್ಯವಾದದ್ದು ನಿಮ್ಮ ಮಕ್ಕಳ ರೂಢಿ. 28 ವಾರದ ಹೊತ್ತಿಗೆ ಮಕ್ಕಳಿಗೆ ಒಂದು ದಿನಚರಿ ಬಂದಿರುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಸಂಜೆ, ರಾತ್ರಿ ನೀವು ಕಾಲು ಚಾಚಿದಾಗ ಆಟ ಜಾಸ್ತಿ. ನಡುನಡುವೆ ನಿದ್ದೆ ಮಾಡುತ್ತವೆ. ಒಂದೊಂದು ನಿದ್ದೆ 20ರಿಂದ 40 ನಿಮಿಷ, ಒಂದೂವರೆ ಗಂಟೆ ಮೀರುವುದು ಅಪರೂಪ. ಅವಳಿಗಳು ಒಟ್ಟಿಗೇ ಮಲಗಬೇಕು, ಒಟ್ಟಿಗೇ ಏಳಬೇಕು ಅಂತೇನಿಲ್ಲ. ದಿನಾ ಸಂಜೆ ಏಳರಿಂದ ಒಂಬತ್ತರ ತನಕ ಕುಣಿಯುತ್ತಿದ್ದ ಮಗು ಇವತ್ತು ಆ ಹೊತ್ತಿನಲ್ಲಿ ತಣ್ಣಗಿದ್ದರೆ ಅದು ನಿಮಗೆ ಸಾಕಾದಷ್ಟು ಕಾರಣ. ಬೇರೆ ಲೆಕ್ಕ ಬೇಡ.

ಯಾವ ಮಗು ಒದ್ದದ್ದು ಅಂತ ಹೇಗೆ ತಿಳಿಯೋದು?

ಪಕ್ಕಾ ತಿಳಿಯೋದು ಕಷ್ಟ, ಇದನ್ನು ಮೊದಲೇ ಹೇಳಿಬಿಡ್ತೀನಿ. ಒಂದರ ಕಾಲು ಇನ್ನೊಂದರ ಬೆನ್ನಿನ ಹತ್ತಿರ ಇರುತ್ತದೆ, ಒಂದು ಹೊರಳಿದರೆ ಇನ್ನೊಂದೂ ಅಲುಗುತ್ತದೆ. ಆದರೂ ಅಂದಾಜು ಮಾಡುವುದಕ್ಕೆ ಒಂದು ದಾರಿ ಇದೆ.

ಸ್ಕ್ಯಾನ್ ಮಾಡಿಸುವಾಗಲೇ ಡಾಕ್ಟರನ್ನು ಕೇಳಿ: ಯಾವ ಮಗು ಯಾವ ಕಡೆ ಇದೆ, ತಲೆ ಎಲ್ಲಿ, ಕಾಲು ಎಲ್ಲಿ, ಮಾಸು (ರಿಪೋರ್ಟಿನಲ್ಲಿ ಪ್ಲಸೆಂಟಾ ಅಂತ ಇರುತ್ತದೆ) ಎಲ್ಲಿ ಅಂಟಿಕೊಂಡಿದೆ. ರಿಪೋರ್ಟಿನಲ್ಲಿ ಟ್ವಿನ್ ಎ, ಟ್ವಿನ್ ಬಿ ಅಂತ ಬರೆದಿರುತ್ತಾರೆ, ಸಾಮಾನ್ಯವಾಗಿ ಗರ್ಭಕೋಶದ ಬಾಯಿಗೆ ಹತ್ತಿರ ಇರುವುದು ಎ. ನನ್ನ ಹೊಟ್ಟೆಯಲ್ಲಿ ಒಂದು ತಲೆ ಕೆಳಗಾಗಿ ಎಡಕ್ಕೆ ಇತ್ತು, ಅದರ ಒದೆ ಎಡ ಪಕ್ಕೆಲುಬಿನ ಕೆಳಗೆ ಬೀಳುತ್ತಿತ್ತು. ಇನ್ನೊಂದು ಅಡ್ಡ ಮಲಗಿತ್ತು, ಅದು ಆಡಿದರೆ ಬಲಗಡೆ ಹೊಕ್ಕುಳಿನ ಮಟ್ಟದಲ್ಲಿ ಚರ್ಮ ಉಬ್ಬಿ ಬರೋದು, ಕೈಯಿಟ್ಟರೆ ಗೋಲಿಯಷ್ಟು ಗಟ್ಟಿಯಾಗಿ ಸಿಗೋದು, ಸ್ವಲ್ಪ ಒತ್ತಿದರೆ ಒಳಕ್ಕೆ ಎಳೆದುಕೊಳ್ಳೋದು. ಸ್ಕ್ಯಾನಿನವರು ಅದು ಮೊಣಕೈ ಇರಬೇಕು ಅಂದರು. ನಿಮ್ಮ ಹೊಟ್ಟೆಯ ನಕ್ಷೆಯನ್ನು ನೀವೇ ಹೀಗೆ ತಿಳಿದುಕೊಳ್ಳಬೇಕು. ಮೇಲೆ ಎಡ, ಮೇಲೆ ಬಲ, ಕೆಳಗೆ ಎಡ, ಕೆಳಗೆ ಬಲ, ಎಲ್ಲೆಲ್ಲಿ ಯಾವಾಗ ಅಂತ ದಿನಾ ರಾತ್ರಿ ಸ್ವಲ್ಪ ಹೊತ್ತು ಗಮನ ಕೊಟ್ಟರೆ ಸಾಕು. ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು ಅಂತಿಲ್ಲ, ಬರೆದರೆ ತಪ್ಪೂ ಇಲ್ಲ.

ಒಂದು ಎಚ್ಚರಿಕೆ. ಮಗು ತಿರುಗಿಬಿಟ್ಟರೆ ನಕ್ಷೆ ಬದಲಾಗುತ್ತದೆ. ಮೇಲೆ ಇರುವ ಎರಡನೇ ಮಗು ಕೊನೆಯ ವಾರಗಳಲ್ಲೂ ತಿರುಗಬಹುದು. ಬಲಗಡೆ ಸುಮ್ಮನಾಯ್ತು ಅಂದರೆ ಅದು ಬರೀ ತಿರುಗಿರಲೂಬಹುದು. ಆದರೆ ಅದನ್ನು ತೀರ್ಮಾನ ಮಾಡಬೇಕಾದದ್ದು ಸ್ಕ್ಯಾನ್ ಮಷಿನ್. ಮನೆಯಲ್ಲಿ ಕೂತು ನಾವು ತೀರ್ಮಾನ ಮಾಡುವಂಥದ್ದಲ್ಲ.

ಒಂದಂತೂ ಚೆನ್ನಾಗಿ ಆಡ್ತಿದೆ. ಅಷ್ಟಿದ್ದರೆ ಸಾಕಲ್ವಾ?

ಸಾಲದು. ಒಂದು ಮಗುವಿನ ಓಡಾಟ ಇನ್ನೊಂದಕ್ಕೆ ಸಾಕ್ಷಿ ಅಲ್ಲ.

ಹೋದಲ್ಲೆಲ್ಲ "ಮಾಸು ಒಂದಾ, ಎರಡಾ" ಅಂತ ಕೇಳ್ತಾರೆ. ಅದರಿಂದ ಏನು ವ್ಯತ್ಯಾಸ?

ತುಂಬಾ ವ್ಯತ್ಯಾಸ ಇದೆ. ಅವಳಿ ಅಂದರೆ ಎಲ್ಲ ಒಂದೇ ಥರ ಅಲ್ಲ. ಕೆಲವರಿಗೆ ಎರಡು ಮಕ್ಕಳಿಗೂ ಬೇರೆ ಬೇರೆ ಮಾಸು, ಬೇರೆ ಬೇರೆ ನೀರಿನ ಚೀಲ. ಕೆಲವರಿಗೆ ಮಾಸು ಒಂದೇ, ಚೀಲ ಎರಡು. ತೀರಾ ಅಪರೂಪಕ್ಕೆ ಮಾಸೂ ಒಂದೇ, ಚೀಲವೂ ಒಂದೇ. ಇದನ್ನು ಚೆನ್ನಾಗಿ ಹೇಳುವುದಕ್ಕೆ ಆಗುವುದು 11ರಿಂದ 14 ವಾರದ ಒಳಗಿನ ಸ್ಕ್ಯಾನಿನಲ್ಲಿ. ಅದಕ್ಕೇ ಆ ಹಳೇ ರಿಪೋರ್ಟನ್ನು ಜೋಪಾನ ಮಾಡಬೇಕು. ಎಷ್ಟೋ ಜನ ಹೊಸ ರಿಪೋರ್ಟ್ ಬಂತು ಅಂತ ಹಳೆಯದನ್ನು ಎಲ್ಲೋ ಇಟ್ಟು ಮರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಾಸು ಒಂದೇ ಆದರೆ ಎರಡು ಮಕ್ಕಳ ರಕ್ತನಾಳಗಳು ಆ ಮಾಸಿನೊಳಗೆ ಕೂಡಿಕೊಂಡಿರುತ್ತವೆ. ಇಂಥ ಅವಳಿಗಳಲ್ಲಿ ನೂರಕ್ಕೆ ಹತ್ತು ಹದಿನೈದು ಬಸುರಿನಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚು ಹರಿಯಲು ಶುರುವಾಗುತ್ತದೆ. ಕೊಡುವ ಮಗುವಿಗೆ ನೀರು ಕಡಿಮೆಯಾಗುತ್ತದೆ, ಪಡೆಯುವ ಮಗುವಿನ ಸುತ್ತ ನೀರು ತುಂಬಿಕೊಳ್ಳುತ್ತದೆ. ತಾಯಿಗೆ ಹೊಟ್ಟೆ ಒಂದೆರಡು ದಿನದಲ್ಲಿ ಏಕಾಏಕಿ ಬಿಗಿದುಕೊಂಡ ಹಾಗೆ, ದೊಡ್ಡದಾದ ಹಾಗೆ, ಉಸಿರಾಡಲು ಕಷ್ಟ ಆದ ಹಾಗೆ ಅನಿಸಬಹುದು. ಹೀಗಾದರೆ ಓಡಾಟ ಹೇಗೇ ಇರಲಿ, ಅವತ್ತೇ ತೋರಿಸಬೇಕು. ಇನ್ನೊಂದು ವಿಷಯ, ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದದ್ದು: ಮಾಸು ಒಂದೇ ಇದ್ದಾಗ ಒಂದು ಮಗುವಿಗೆ ಏನಾದರೂ ಆದರೆ ಅದು ಇನ್ನೊಂದರ ಮೇಲೂ ಬೀಳುತ್ತದೆ. ಆದ್ದರಿಂದ ಇವರು ಇನ್ನೂ ಬೇಗ ಓಡಬೇಕು.

ಸ್ಕ್ಯಾನಿನ ಲೆಕ್ಕವೂ ಬೇರೆ. ಮಾಸು ಒಂದೇ ಆದರೆ 16 ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್, ಎರಡಿದ್ದರೆ ಸುಮಾರು ನಾಲ್ಕು ವಾರಕ್ಕೊಮ್ಮೆ. ತೊಂದರೆ ಏನೂ ಇಲ್ಲದಿದ್ದರೆ ಮಾಸು ಎರಡಿರುವವರಿಗೆ 37 ವಾರದ ಆಸುಪಾಸು, ಒಂದೇ ಇರುವವರಿಗೆ 36ರ ಆಸುಪಾಸು ಹೆರಿಗೆ ಮಾಡಿಸುತ್ತಾರೆ. ಚೀಲವೂ ಒಂದೇ ಆದರೆ 32ರಿಂದ 34 ವಾರದ ಒಳಗೆ ಸಿಜೇರಿಯನ್. ಅವಳಿ ಬಸುರಿನಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ ಕಾಯುವ ಮಾತೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಅವಳಿಗಳು 37 ವಾರಕ್ಕೆ ಮುಂಚೆಯೇ ಹುಟ್ಟುತ್ತವೆ.

ಮಾಸು ಮುಂದೆ ಇದೆ, ಅದಕ್ಕೇ ಗೊತ್ತಾಗ್ತಿಲ್ಲ ಅಂದರು.

ಮಾಸು ಹೊಟ್ಟೆಯ ಮುಂಭಾಗಕ್ಕೆ ಅಂಟಿದ್ದರೆ ನಡುವೆ ದಿಂಬು ಇಟ್ಟ ಹಾಗೆ, ಒದೆ ಮೆತ್ತಗೆ ಗೊತ್ತಾಗುತ್ತದೆ, ಶುರುವಿನಲ್ಲಿ ತಡವಾಗಿಯೂ ಗೊತ್ತಾಗುತ್ತದೆ. ಆದರೆ ಮಾಸು ಮೊನ್ನೆಯೂ ಮುಂದೆಯೇ ಇತ್ತು, ಇವತ್ತೂ ಅಲ್ಲೇ ಇದೆ. ಮೊನ್ನೆ ಗೊತ್ತಾಗುತ್ತಿದ್ದದ್ದು ಇವತ್ತು ಗೊತ್ತಾಗುತ್ತಿಲ್ಲ ಅಂದರೆ ಅದಕ್ಕೆ ಮಾಸು ಕಾರಣ ಅಲ್ಲ.

ಬಿಕ್ಕಳಿಕೆ ಲೆಕ್ಕಕ್ಕೆ ಬರುತ್ತಾ?

ಟಕ್, ಟಕ್, ಟಕ್ ಅಂತ ಒಂದೇ ಸಮ ಬರುವುದು ಬಿಕ್ಕಳಿಕೆ. ಅದಕ್ಕೆ ಹೆದರಬೇಕಾಗಿಲ್ಲ. ಅದನ್ನು ಓಡಾಟ ಅಂತ ಎಣಿಸುವುದಿಲ್ಲ.

ತಣ್ಣೀರು ಕುಡಿ, ಗ್ಲೂಕೋಸ್ ಕುಡಿ, ಸಿಹಿ ತಿನ್ನು, ಆಮೇಲೆ ನೋಡೋಣ ಅಂತಾರೆ.

ಸಿಹಿ ತಿಂದರೆ, ಐಸ್ ನೀರು ಕುಡಿದರೆ ತೊಂದರೆಯಲ್ಲಿರುವ ಮಗು ಸರಿಹೋಗಲ್ಲ. ಅದರಿಂದ ಓಡಾಟ ಜಾಸ್ತಿಯಾಗುತ್ತದೆ ಅನ್ನೋದಕ್ಕೂ ಗಟ್ಟಿ ಆಧಾರ ಇಲ್ಲ. ಅವಳಿ ಬಸುರಿನಲ್ಲಿ ಸಕ್ಕರೆ ತೊಂದರೆ ಬರುವುದೂ ಜಾಸ್ತಿ, ಅಂಥವರು ಸುಮ್ನೆ ಗ್ಲೂಕೋಸ್ ಕುಡಿಯುವುದು ಇನ್ನೂ ಕೆಟ್ಟದ್ದು. ಹಸಿದಿದ್ದರೆ ಊಟ ಮಾಡಿ, ಬಾಯಾರಿದ್ದರೆ ನೀರು ಕುಡಿಯಿರಿ, ಅದು ಬೇರೆ ಮಾತು. ದಿನವಿಡೀ ಮದುವೆ ಮನೆಯಲ್ಲೋ ಗದ್ದೆ ಕೆಲಸದಲ್ಲೋ ಓಡಾಡಿ ಮಕ್ಕಳ ಓಡಾಟ ಗಮನಿಸಿಯೇ ಇಲ್ಲ ಅನ್ನುವ ಹಾಗಿದ್ದರೆ, ಟಿವಿ ಆಫ್ ಮಾಡಿ, ಎಡಕ್ಕೆ ಮಲಗಿ, ಹೊಟ್ಟೆ ಮೇಲೆ ಕೈಯಿಟ್ಟು ಗಮನ ಕೊಡಿ. ಎರಡೂ ಎಂದಿನ ಹಾಗೆ ಆಡಿದರೆ ಸರಿ. ಅನುಮಾನ ಉಳಿದರೆ ಎರಡು ಗಂಟೆ ತುಂಬಲಿ ಅಂತ ಕಾಯುವುದು ಬೇಡ.

ಮನೆಯಲ್ಲೇ ಎದೆಬಡಿತ ಕೇಳುವ ಡಾಪ್ಲರ್ ಮಷಿನ್ ತರಿಸಿಕೊಳ್ಳಲಾ?

ಬೇಡ. ಅದರಲ್ಲಿ ಕೇಳುವುದು ನಿಮ್ಮದೇ ನಾಡಿಯೂ ಆಗಿರಬಹುದು, ಮಾಸಿನ ರಕ್ತದ ಸದ್ದೂ ಆಗಿರಬಹುದು. ಅವಳಿಯಲ್ಲಂತೂ ಒಂದೇ ಮಗುವಿನ ಬಡಿತವನ್ನು ಎರಡು ಜಾಗದಲ್ಲಿ ಕೇಳಿ ಎರಡೂ ಸರಿ ಇವೆ ಅಂದುಕೊಳ್ಳಬಹುದು. ಇನ್ನೊಂದು, ಬಡಿತ ಇದೆ ಅಂದರೆ ಆ ಕ್ಷಣಕ್ಕೆ ಮಗು ಇದೆ ಅಂತ ಅಷ್ಟೇ. ಚೆನ್ನಾಗಿದೆ ಅಂತ ಅಲ್ಲ. ಓಡಾಟ ಕಡಿಮೆಯಾಗುವುದು ಎಷ್ಟೋ ಸಲ ಬಡಿತ ಕೆಡುವುದಕ್ಕೆ ಮುಂಚೆ ಬರುವ ಸೂಚನೆ. ಆ ಸೂಚನೆಯನ್ನು ಮಷಿನ್ ಮುಚ್ಚಿಹಾಕಬಾರದು.

ಇದ್ದಕ್ಕಿದ್ದಂತೆ ತುಂಬಾ ಜೋರಾಗಿ ಒದ್ದಾಡಿದರೆ?

ಒಳ್ಳೆಯ ಆಟ ಒಳ್ಳೆಯದೇ. ಆದರೆ ಎಂದೂ ಇಲ್ಲದ ಹಾಗೆ ಒಮ್ಮೆಗೇ ವಿಪರೀತ ಒದ್ದಾಡಿ, ಆಮೇಲೆ ಸುಮ್ಮನಾಗಿಬಿಟ್ಟರೆ ಅದನ್ನೂ ತೋರಿಸಿ.

ಶ್ವಾಸಕೋಶ ಬಲಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಅದಾದ ಮೇಲೆ ಓಡಾಟ ಕಡಿಮೆ ಅನಿಸ್ತಿದೆ.

ಅವಧಿಗೆ ಮುಂಚೆ ಹೆರಿಗೆ ಆಗುವ ಹಾಗಿದ್ದರೆ ಈ ಇಂಜೆಕ್ಷನ್ ಕೊಡುತ್ತಾರೆ. ಅದಾದ ಒಂದೆರಡು ದಿನ ಓಡಾಟ ಸ್ವಲ್ಪ ತಗ್ಗುವುದುಂಟು. ಹಾಗಂತ ನೀವಾಗಿಯೇ ಅದರ ಮೇಲೆ ಹಾಕಿ ಸುಮ್ಮನಾಗಬೇಡಿ. ಇಂಜೆಕ್ಷನ್‌ನಿಂದಲೋ ಬೇರೆ ಕಾರಣದಿಂದಲೋ ಅಂತ ನೋಡಿ ಹೇಳಬೇಕಾದದ್ದು ಡಾಕ್ಟರ್.

ಆಸ್ಪತ್ರೆಗೆ ಹೋದರೆ ಏನು ಮಾಡ್ತಾರೆ?

ಮೊದಲು ಬಿಪಿ ನೋಡುತ್ತಾರೆ, ಹೊಟ್ಟೆ ಮುಟ್ಟಿ ನೋಡುತ್ತಾರೆ. ಆಮೇಲೆ ಎನ್‌ಎಸ್‌ಟಿ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಬೆಲ್ಟ್ ಕಟ್ಟಿ, ಎದೆಬಡಿತವನ್ನು ಕಾಗದದ ಮೇಲೆ ಬರೆಸುತ್ತಾರೆ. ಅವಳಿ ಮಕ್ಕಳಿಗೆ ಬಡಿತ ಹಿಡಿಯುವ ಪ್ರೋಬ್ ಎರಡು ಬೇಕು, ಹೊಟ್ಟೆ ಬಿಗಿಯುವುದನ್ನು ನೋಡಲು ಇನ್ನೊಂದು. ಎರಡು ಬಡಿತಗಳನ್ನು ಬೇರೆ ಬೇರೆಯಾಗಿ ಹಿಡಿಯುವುದು ಸುಲಭದ ಕೆಲಸ ಅಲ್ಲ. ನರ್ಸಮ್ಮ ಪ್ರೋಬನ್ನು ಒಂದಿಂಚು ಸರಿಸುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಮತ್ತೆ ಸರಿಸುತ್ತಾರೆ. ಒಂದು ಸಿಕ್ಕಿತು ಅನ್ನುವಾಗ ಮಗು ಹೊರಳಿ ತಪ್ಪಿಹೋಗುತ್ತದೆ. ಆಗ ಎದೆ ಧಸಕ್ಕೆನ್ನುತ್ತದೆ, ಆದರೆ ಬಡಿತ ಸಿಗಲು ಸ್ವಲ್ಪ ಹೊತ್ತು ಹಿಡಿಯುವುದು ಸಾಮಾನ್ಯ. ಎರಡು ಗೆರೆಗಳೂ ಒಂದೇ ಥರ ಏರಿ ಇಳಿಯುತ್ತಿದ್ದರೆ ಎರಡು ಪ್ರೋಬೂ ಒಂದೇ ಮಗುವನ್ನು ಹಿಡಿದಿರಬಹುದು ಅಂತ ಅನುಮಾನಪಡುತ್ತಾರೆ, ಸ್ಕ್ಯಾನ್ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160ರ ಒಳಗೆ ಇರುತ್ತದೆ. "ಎರಡೂ ಬೇರೆ ಬೇರೆಯಾಗಿ ಸಿಕ್ಕಿದೆಯಾ ಸಿಸ್ಟರ್?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಸ್ಕ್ಯಾನಿನಲ್ಲಿ ಎರಡೂ ಮಕ್ಕಳ ಬೆಳವಣಿಗೆ, ಸುತ್ತಲಿನ ನೀರು, ಹೊಕ್ಕುಳಬಳ್ಳಿಯ ರಕ್ತ ಹರಿವು ನೋಡುತ್ತಾರೆ. ಒಂದು ಮಗು ಇನ್ನೊಂದಕ್ಕಿಂತ ತೂಕದಲ್ಲಿ ತೀರಾ ಹಿಂದೆ ಬಿದ್ದಿದ್ದರೆ ಗೊತ್ತಾಗುವುದು ಇಲ್ಲೇ. ಎಲ್ಲ ಸರಿ ಇದ್ದರೆ ಮನೆಗೆ ಕಳಿಸುತ್ತಾರೆ. ಅನುಮಾನ ಇದ್ದರೆ ಅಡ್ಮಿಟ್ ಮಾಡಿಕೊಂಡು ಮತ್ತೆ ಮತ್ತೆ ನೋಡುತ್ತಾರೆ, ಬೇಕಾದರೆ ಹೆರಿಗೆ ಮಾಡಿಸುತ್ತಾರೆ.

ಒಳಗೆ ಹೋದ ತಕ್ಷಣ ಹೇಳಬೇಕಾದದ್ದನ್ನು ಗಟ್ಟಿಯಾಗಿ, ಒಂದೇ ಉಸಿರಿಗೆ ಹೇಳಿ: "33 ವಾರ, ಅವಳಿ, ಮಾಸು ಒಂದೇ, ನಿನ್ನೆ ರಾತ್ರಿಯಿಂದ ಬಲಗಡೆ ಮಗುವಿನ ಓಡಾಟ ಕಡಿಮೆಯಾಗಿದೆ." ಸುಮ್ನೆ "ಯಾಕೋ ಹೊಟ್ಟೆ ಒಂಥರಾ ಆಗ್ತಿದೆ" ಅಂದರೆ ಬೆಂಚಿನ ಮೇಲೆ ಕೂರಿಸಿಬಿಡುತ್ತಾರೆ.

ನಮ್ಮದು ಹಳ್ಳಿ, ರಾತ್ರಿ ಹೊತ್ತು. ಎಲ್ಲಿಗೆ ಹೋಗೋದು?

ನೀವು ತೋರಿಸಿಕೊಳ್ಳುತ್ತಿರುವ ಆಸ್ಪತ್ರೆಯಲ್ಲಿ ರಾತ್ರಿಯೂ ಹೆರಿಗೆ ಡಾಕ್ಟರ್, ಎನ್‌ಎಸ್‌ಟಿ, ಸ್ಕ್ಯಾನ್ ಎಲ್ಲ ಇದ್ದರೆ ಅಲ್ಲಿಗೇ. ಇದನ್ನು ಈಗಲೇ, ಏನೂ ತೊಂದರೆ ಇಲ್ಲದಿರುವಾಗಲೇ ಕೇಳಿ ತಿಳಿದುಕೊಳ್ಳಿ. ಎಷ್ಟೋ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸಂಜೆ ಮೇಲೆ ಸ್ಕ್ಯಾನ್ ಮಾಡುವವರು ಇರುವುದಿಲ್ಲ. ಸರ್ಕಾರಿ ಕಡೆ ನೋಡಿದರೆ ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ದೊಡ್ಡವು. ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳು, ರಾತ್ರಿಯೂ ಹೆರಿಗೆ ವಾರ್ಡು ತೆರೆದಿರುತ್ತದೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇದೆ. ಅವಳಿ ಮಕ್ಕಳಿಗೆ ಇದು ಮುಖ್ಯ. ಹತ್ತಿರ ಅಂತ ಸಣ್ಣ ಆಸ್ಪತ್ರೆಗೆ ಹೋಗಿ, ಅಲ್ಲಿಂದ ದೊಡ್ಡ ಕಡೆ ಕಳಿಸಿ, ಆ ಓಡಾಟದಲ್ಲೇ ಹೊತ್ತು ಹೋಗುತ್ತದೆ.

108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ದುಡ್ಡಿಲ್ಲದೆ ಬರುತ್ತದೆ. ಆದರೆ ಎಚ್.ಡಿ. ಕೋಟೆ, ನಾಗಮಂಗಲ, ಮಳವಳ್ಳಿ ಕಡೆಯ ಒಳಗಿನ ಹಳ್ಳಿಗಳಿಗೆ ಬರಲು ಹೊತ್ತಾಗಬಹುದು. ಅದಕ್ಕೇ ಊರಿನಲ್ಲಿ ಕಾರು ಇರುವ ಇಬ್ಬರ ನಂಬರ್ ಇಟ್ಟುಕೊಂಡು "ರಾತ್ರಿ ಫೋನ್ ಮಾಡಿದರೆ ಬರಬೇಕು ಅಣ್ಣ" ಅಂತ ಮೊದಲೇ ಹೇಳಿಡಿ. ಯಾರೂ ಇಲ್ಲ ಅನ್ನಲ್ಲ. ಆಶಾ ಕಾರ್ಯಕರ್ತೆಗೂ ನೀವು ಅವಳಿ ಬಸುರಿ ಅಂತ ಗೊತ್ತಿರಲಿ. ಮದ್ದೂರಿನಿಂದಲೋ ಶ್ರೀರಂಗಪಟ್ಟಣದಿಂದಲೋ ಬರುವವರು ಒಂದು ನೆನಪಿಡಿ, ಬೆಂಗಳೂರು ಮೈಸೂರು ಹೈವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡುವುದಿಲ್ಲ. ಆಟೋದಲ್ಲಾದರೆ ಸರ್ವೀಸ್ ರೋಡಿನಲ್ಲೇ ಬರಬೇಕು, ನಿಧಾನ ಆಗುತ್ತದೆ. ಕಾರು ಸಿಕ್ಕರೆ ಕಾರೇ ವಾಸಿ. ಮೈಸೂರಿನವರು ದಸರಾ ಹೊತ್ತಿಗೆ ದಿನ ತುಂಬುತ್ತಿದ್ದರೆ, ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆ ಕಡೆ ಗಾಡಿ ಬಿಡುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಆ ದಿನಕ್ಕೆ ಬೇರೆ ದಾರಿ, ಇಲ್ಲವೇ ಬೇರೆ ಆಸ್ಪತ್ರೆ ಯೋಚಿಸಿಡಿ.

ದುಡ್ಡಿನ ಯೋಚನೆಯಿಂದ ತಡ ಮಾಡುವವರಿಗೆ: 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ ಎಲ್ಲ ಉಚಿತ. ಖಾಸಗಿಯಲ್ಲಿ ತೋರಿಸಿಕೊಳ್ಳುತ್ತಿದ್ದವರೂ ರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು.

ಅಮಾವಾಸ್ಯೆ, ಗ್ರಹಣ, ಇವತ್ತು ಹೊಸಿಲು ದಾಟಬೇಡ ಅಂತಾರೆ ಅತ್ತೆ.

ನಮ್ಮ ಕಡೆ ಗ್ರಹಣದ ದಿನ ಬಸುರಿಯನ್ನು ಹೊರಗೆ ಬಿಡುವುದಿಲ್ಲ. ದೊಡ್ಡವರಿಗೆ ಇದರ ಮೇಲೆ ನಂಬಿಕೆ, ಆ ನಂಬಿಕೆಯ ಹಿಂದೆ ಮೊಮ್ಮಕ್ಕಳ ಮೇಲಿನ ಪ್ರೀತಿಯೇ ಇರುವುದು. ಜಗಳ ಮಾಡಬೇಡಿ. ಮುಂಚೆಯೇ ಒಂದು ಸಲ ಅತ್ತೆಯನ್ನೂ ಚೆಕಪ್‌ಗೆ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರಮ್ಮನ ಬಾಯಿಂದಲೇ ಕೇಳಿಸಿ. ಆಮೇಲೆ "ಅತ್ತೆ, ಓಡಾಟ ಕಮ್ಮಿ ಆದ್ರೆ ಅಮಾಸೆ ಅಂತ ನೋಡ್ಬೇಡ, ಆ ಗಳಿಗೇಲೇ ಬಾ ಅಂತ ನಿಮ್ಮ ಮುಂದೇನೆ ಹೇಳಿದ್ರಲ್ಲ" ಅಂದರೆ ಸಾಕು, ಅವರೇ ಬ್ಯಾಗು ಹಿಡಿದು ಮುಂದೆ ಹೊರಡುತ್ತಾರೆ. ದೃಷ್ಟಿ ತೆಗೆಯಬೇಕು ಅಂದರೆ ಬಂದ ಮೇಲೆ ತೆಗೆಯಲಿ. ಅಷ್ಟು ಹೇಳಿದರೂ ಬೇಡ ಅಂದರೆ ನೀವೇ 108ಕ್ಕೆ ಫೋನ್ ಮಾಡಿ.

ಗಂಡು ಜಾಸ್ತಿ ಒದೆಯುತ್ತೆ, ಹೆಣ್ಣು ಸುಮ್ಮನಿರುತ್ತೆ ಅನ್ನೋದು ನಿಜವಾ?

ಇಲ್ಲ. ಸುಮ್ಮನಿರುವುದು ಹೆಣ್ಣಿರಬೇಕು ಬಿಡು ಅಂತ ಬಿಟ್ಟುಬಿಟ್ಟರೆ ಮಗುವಿನ ಜೀವಕ್ಕೇ ಕುತ್ತು. ಸ್ಕ್ಯಾನಿನಲ್ಲಿ ಹೆಣ್ಣಾ ಗಂಡಾ ಕೇಳುವುದೂ, ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ.

ಹೇಗೆ ಮಲಗಬೇಕು?

28 ವಾರ ಆದ ಮೇಲೆ ಪಕ್ಕಕ್ಕೆ ತಿರುಗಿ ಮಲಗಿ, ಎಡ ಬಲ ಯಾವುದಾದರೂ ಸರಿ. ಬೆನ್ನ ಮೇಲೆ ಮಲಗಿದರೆ ಎರಡು ಮಕ್ಕಳ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಹೆದರಬೇಡಿ, ಮತ್ತೆ ಪಕ್ಕಕ್ಕೆ ತಿರುಗಿ.

ಓಡಾಟ ಚೆನ್ನಾಗಿದ್ದರೂ ಓಡಬೇಕಾದ ಲಕ್ಷಣ ಏನಾದರೂ ಇದೆಯಾ?

ಇದೆ. ರಕ್ತ ಕಾಣಿಸಿಕೊಂಡರೆ, ನೀರು ಹೋದರೆ, ಹೊಟ್ಟೆ ಹೊತ್ತು ಹೊತ್ತಿಗೆ ಗಟ್ಟಿಯಾಗಿ ನೋಯುತ್ತಿದ್ದರೆ ತಕ್ಷಣ ಹೋಗಿ. ಅವಳಿಯಲ್ಲಿ ಬಿಪಿ ಏರುವುದು ಜಾಸ್ತಿ, ಹಾಗಾಗಿ ಜೋರು ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಕೈ ಊದಿಕೊಳ್ಳುವುದು, ಇದರಲ್ಲಿ ಯಾವುದು ಬಂದರೂ ಗ್ಯಾಸ್ ಇರಬೇಕು ಅಂತ ಬಿಡಬೇಡಿ. ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ಕೆರೆತ ಅಂದರೆ ಅದನ್ನೂ ಹೇಳಿ, ಪಿತ್ತಜನಕಾಂಗದ (ಲಿವರ್) ತೊಂದರೆಯಿಂದ ಹಾಗಾಗಬಹುದು, ಅದಕ್ಕೆ ರಕ್ತಪರೀಕ್ಷೆ ಬೇಕು.

ಭಯಕ್ಕೆ ನಿದ್ದೆಯೇ ಬರ್ತಿಲ್ಲ. ಇಡೀ ದಿನ ಹೊಟ್ಟೆ ಮೇಲೇ ಕೈ.

ಎಲ್ಲ ಅವಳಿ ತಾಯಂದಿರಿಗೂ ಇದು ಆಗುತ್ತದೆ. ಇಡೀ ದಿನ ಎಣಿಸುತ್ತಾ ಕೂರಬೇಡಿ, ಸುಸ್ತಾಗಿ ಯಾವುದು ಸರಿ ಯಾವುದು ತಪ್ಪು ಅಂತಲೇ ತಿಳಿಯದೆ ಹೋಗುತ್ತದೆ. ದಿನಾ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ, ರಾತ್ರಿ ಊಟ ಆದ ಮೇಲೆ ಒಳ್ಳೇದು, ಆಗ ಮಕ್ಕಳು ಹೇಗೂ ಎಚ್ಚರ ಇರುತ್ತವೆ. ಮಿಕ್ಕ ಹೊತ್ತು ನಿಮ್ಮ ಕೆಲಸ ನೋಡಿಕೊಳ್ಳಿ, ಎಂದಿನ ಓಡಾಟ ತಾನಾಗಿ ಗೊತ್ತಾಗುತ್ತಿರುತ್ತದೆ. ಮನೆಯವರಿಗೂ ಹೇಳಿ. "ರೀ, ಸ್ವಲ್ಪ ಕೈಯಿಟ್ಟು ನೋಡಿ" ಅಂತ ಗಂಡನನ್ನು ಕರೆದರೆ ಭಯ ಅರ್ಧ ಇಳಿಯುತ್ತದೆ, ಅವರಿಗೂ ಮಕ್ಕಳ ರೂಢಿ ಗೊತ್ತಾಗುತ್ತದೆ. ಊಟ ಸೇರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅನ್ನುವ ಹಾಗಿದ್ದರೆ ಅದನ್ನೂ ಡಾಕ್ಟರ ಹತ್ತಿರ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ನಿನ್ನೆ ತಾನೆ ಹೋಗಿ ಬಂದೆವು, ಎಲ್ಲ ಸರಿ ಇದೆ ಅಂದರು. ಇವತ್ತು ಮತ್ತೆ ಅದೇ ಅನುಮಾನ. ಹೋದರೆ ಬೈತಾರೇನೋ.

ಹೋಗಿ. ನಿನ್ನೆಯ ಪರೀಕ್ಷೆ ನಿನ್ನೆಯ ಸಂಗತಿ ಹೇಳುತ್ತದೆ. ಇವತ್ತಿಗೆ ಇವತ್ತೇ ನೋಡಬೇಕು. ನಾನು ಎರಡನೇ ಸಲ ಹೋದಾಗ ಡ್ಯೂಟಿಯಲ್ಲಿದ್ದ ಒಬ್ಬರು "ಮತ್ತೆ ಬಂದ್ರಾ, ಏನೂ ಇಲ್ಲ ಅಂತ ಹೇಳಿ ಕಳಿಸಿರಲಿಲ್ವಾ" ಅಂತ ಎಲ್ಲರ ಮುಂದೆ ಗದರಿದರು. ಬೇಜಾರಾಯಿತು, ಕಣ್ಣಲ್ಲಿ ನೀರೂ ಬಂತು. ಆದರೂ "ನೋಡಿ ಕಳಿಸಿ ಮೇಡಂ" ಅಂತ ಅಲ್ಲೇ ನಿಂತೆ, ನೋಡಿದರು. ಹಾಗೆ ಗದರುವುದು ತಪ್ಪು, ಅದರಿಂದ ಮುಂದಿನ ಸಲ ಬರಬೇಕಾದವಳು ಮನೆಯಲ್ಲೇ ಉಳಿಯುತ್ತಾಳೆ. ನೀವು ಆ ಮಾತಿಗೆ ಹೆದರಿ ಉಳಿಯಬೇಡಿ.

ಮತ್ತೆ ಮತ್ತೆ ಓಡಾಟ ಕಡಿಮೆಯಾಗುತ್ತಿದೆ ಅನ್ನುವುದೇ ಡಾಕ್ಟರಿಗೆ ದೊಡ್ಡ ಸುಳಿವು. ಹೋದಾಗ "ಇದು ಎರಡನೇ ಸಲ" ಅಂತ ಬಾಯಿಬಿಟ್ಟು ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಎನ್‌ಎಸ್‌ಟಿ ಒಂದಕ್ಕೇ ಬಿಡದೆ ಬೆಳವಣಿಗೆ, ನೀರು, ರಕ್ತ ಹರಿವಿನ ಸ್ಕ್ಯಾನ್ ಆಗಿದೆಯಾ ಅಂತ ಕೇಳಿ. ವಾರ ಎಷ್ಟಾಗಿದೆ ಅನ್ನುವುದನ್ನು ನೋಡಿಕೊಂಡು, ಹೆರಿಗೆ ಯಾವಾಗ ಮಾಡಿಸಬೇಕು ಅನ್ನುವ ಮಾತನ್ನೂ ಅವತ್ತೇ ಆಡಿ. ಮೂರನೇ ಸಲ ಅನಿಸಿದರೆ ಮೂರನೇ ಸಲವೂ ಹೋಗಿ.